ಸುಖಾಗಮನ ಬಯಸುವವರು

ಯಾರ ಮನೆಯ ಕಾರ್ಡು ಬಂದರೂ ನಾನು ಓದಲು ಶುರುಮಾಡುವುದು ಕೆಳಗಿನಿಂದ. ಹುಡುಗ ಯಾರು, ಹುಡುಗಿ ಯಾರು, ಮುಹೂರ್ತ ಎಷ್ಟು ಗಂಟೆಗೆ ಎಂಬುದೆಲ್ಲ ಆಮೇಲೆ. ಮೊದಲು ‘ಸುಖಾಗಮನ ಬಯಸುವವರು’ ಎಂಬ ಪಟ್ಟಿ. ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾವ ಚಿಕ್ಕಪ್ಪನನ್ನು ಬಿಟ್ಟಿದ್ದಾರೆ, ಯಾವ ಭಾವಮೈದುನನನ್ನು ಈ ಸಲ ಸೇರಿಸಿಕೊಂಡಿದ್ದಾರೆ, ಒಂದು ಮನೆಯ ಒಳಗಿನ ಸಮಾಚಾರವೆಲ್ಲ ಅಲ್ಲಿ ಸಿಗುತ್ತದೆ. ಹೈಸ್ಕೂಲಿನಲ್ಲಿ ಗುಮಾಸ್ತೆಯಾಗಿ ಇಡೀ ಸರ್ವೀಸು ಹಾಜರಿ ಪುಸ್ತಕ ನೋಡಿದವಳು ನಾನು. ಹೆಸರಿನ ಪಟ್ಟಿಯಲ್ಲಿ ಏನು ಹೆಚ್ಚುಕಮ್ಮಿ ಇದ್ದರೂ ನನ್ನ ಕಣ್ಣು ತಪ್ಪಿಸಿ ಹೋಗುವುದಿಲ್ಲ ಎಂದು ಜಂಬ ಬೇರೆ.

ಕಳೆದ ವಾರ ನಮ್ಮ ಗೇಟಿನ ಸಂದಿಗೆ ಒಂದು ತಿಥಿ ಕಾರ್ಡು ಸಿಕ್ಕಿಸಿ ಹೋಗಿದ್ದರು. ನಮ್ಮ ಬೀದಿಯ ಕಂಟ್ರೋಲರದು. ಅದನ್ನೂ ಕೆಳಗಿನಿಂದಲೇ ಓದಿದೆ. ಓದಿ ಅಲ್ಲೇ ಜಗಲಿಯ ಮೇಲೆ ಕುಳಿತುಬಿಟ್ಟೆ. ಒಲೆಯ ಮೇಲೆ ಹಾಲಿಟ್ಟದ್ದು ಉಕ್ಕಿ ವಾಸನೆ ಬಂದಮೇಲೆ ನೆನಪಾಯಿತು. ಆ ಕಾರ್ಡಿನಲ್ಲಿ ಏನಿತ್ತು ಎಂದು ಹೇಳಬೇಕಾದರೆ ಆ ಮನುಷ್ಯ ಎಂಥವರು ಎಂದು ಮೊದಲು ಹೇಳಬೇಕು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಿನವರ ಹೆಸರನ್ನೆಲ್ಲ ಅಚ್ಚು ಹಾಕಿಸಿದ ಮನುಷ್ಯ ತನ್ನ ಹೆಸರನ್ನು ಎಲ್ಲೂ ಹಾಕಿಸಿಕೊಂಡವರಲ್ಲ. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದರು. ಗಾಜಿನ ಗೂಡಿನಂಥ ಕೋಣೆಯಲ್ಲಿ ಕುಳಿತು, ಯಾವ ಬಸ್ಸು ಬಂತು, ಯಾವುದು ಹೊರಡುತ್ತೆ ಎಂದು ಮೈಕಿನಲ್ಲಿ ಕೂಗುವ ಕೆಲಸ. ರಿಟೈರ್ ಆದ ಮೇಲೂ ಆ ದನಿ ಹೋಗಲಿಲ್ಲ. ಬೀದಿಯಲ್ಲಿ ನಿಂತು ಯಾರಿಗಾದರೂ “ಊಟ ಆಯ್ತಾ?” ಎಂದು ಕೇಳಿದರೆ ಮೂರನೇ ಮನೆಯವರು “ಆಯ್ತು ಸಾ” ಎನ್ನುತ್ತಿದ್ದರು. ಮಾತಾಡುವ ಮುಂಚೆ ಎಡಗೈಯನ್ನು ಎಡಗಿವಿಗೆ ಒತ್ತಿಕೊಳ್ಳುವ ಅಭ್ಯಾಸ ಇತ್ತು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬೀದಿಯ ಕೊನೆಯಲ್ಲಿ ಒಂದು ಪೋರ್ಷನ್ ಬಾಡಿಗೆಗೆ ಹಿಡಿದು, ತಾವೇ ಮುದ್ದೆ ತೊಳಸಿಕೊಂಡು ಉಣ್ಣುತ್ತಿದ್ದರು.

ಅವರಿಗೆ ಒಂದು ಹುಚ್ಚು ಹಿಡಿದಿತ್ತು. ಬಸ್‌ಸ್ಟ್ಯಾಂಡಿನ ಬೆಂಚುಗಳ ಮೇಲೆ, ಅಂಗಡಿಗಳ ಶಟರ್ ಕೆಳಗೆ ಮಲಗುವ ಜನರಿಗೆ ಒಂದು ಮನೆ ಮಾಡಬೇಕು ಎಂದು. ನಮ್ಮ ಕಾಂಪೌಂಡಿನ ಪಕ್ಕದಲ್ಲೇ ಒಂದು ಹಳೆಯ ವಿದ್ಯಾರ್ಥಿನಿಲಯದ ಕಟ್ಟಡ ಇತ್ತು. ಅಂಗಳದ ಸುತ್ತ ಹತ್ತು ಕೋಣೆ, ಮುಚ್ಚಿ ಬಹಳ ವರ್ಷವಾಗಿತ್ತು. ಕೊಬ್ಬರಿ ವ್ಯಾಪಾರದ ಜೈನ ಯಜಮಾನರದು. ಕಂಟ್ರೋಲರು ಅವರ ಹಿಂದೆ ಬಿದ್ದು ಬಿದ್ದು ಕೊನೆಗೂ ಒಪ್ಪಿಸಿದ್ದರು. ಆದರೆ ಯಜಮಾನರು ಒಂದು ಷರತ್ತು ಹಾಕಿದ್ದರು. ಬೀದಿಯ ಒಂಬತ್ತು ಮನೆಯವರೂ ಒಪ್ಪಬೇಕು. ಒಂದು ಮನೆಯವರು ಬೇಡ ಎಂದರೂ ಇಲ್ಲ. ದೀಪಾವಳಿಯೊಳಗೆ ತೀರ್ಮಾನ ಆಗದಿದ್ದರೆ ಸಿಮೆಂಟ್ ಗೋಡೌನಿಗೆ ಕೊಟ್ಟುಬಿಡುವುದು.

ಕಂಟ್ರೋಲರು ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕುಳಿತರು. ಕುರ್ಚಿ ಹಾಕಿದರೂ ಕೂರುವವರಲ್ಲ.

“ಬರೀ ರಾತ್ರಿ ಮಲಗೋ ಜಾಗ ಅಲ್ಲ ಕಣಮ್ಮ. ಅಂಥ ಕಡೆ ಬೆಳಗಾದ್ರೆ ಏಳಿಸಿ ಕಳಿಸ್ಬುಡ್ತಾರೆ. ಆಮೇಲೆ ಎಲ್ಲಿಗೋಗ್ತಾರೆ? ತಿರ್ಗಾ ಬಸ್‌ಸ್ಟ್ಯಾಂಡಿಗೇ ಬತ್ತಾರೆ. ಇದು ಅವ್ರ ಮನೆ. ಎಷ್ಟು ವರ್ಷ ಬೇಕೋ ಅಷ್ಟು ವರ್ಷ ಇರಲಿ. ಮಾತ್ರೆ ನುಂಗಿದ್ರಾ ಅಂತ ಕೇಳಾಕೆ ಒಬ್ರು ನರ್ಸಮ್ಮ ಬತ್ತಾರೆ. ಆಧಾರ್ ಮಾಡ್ಸಾಕೆ, ಪಿಂಚಣಿ ಅರ್ಜಿ ಬರಿಯಾಕೆ ನಾನಿದೀನಿ. ಕೆಲ್ಸ ಮಾಡೋ ಶಕ್ತಿ ಇರೋರಿಗೆ ಕೆಲ್ಸ ಉಡುಕಾನ. ಒಬ್ಬೊಬ್ರಿಗೆ ಒಂದೊಂದು ಕೋಣೆ. ಕೋಣೆಗೆ ಒಳಗಡೆಯಿಂದ ಚಿಲಕ.”

“ಒಳಗಡೆಯಿಂದ ಯಾಕೆ? ಹೊರಗಡೆಯಿಂದ ಬೀಗ ಇದ್ರೆ ನಮಗೂ ಸ್ವಲ್ಪ ಧೈರ್ಯ ಇರುತ್ತೆ” ಎಂದೆ ನಾನು.

ಅವರು ನನ್ನ ಮುಖ ನೋಡಿದರು. “ಬಸ್‌ಸ್ಟ್ಯಾಂಡಲ್ಲಿ ಹೆಣ್ಮಕ್ಕಳು ರಾತ್ರಿ ಮಲ್ಗಲ್ಲ ಕಣಮ್ಮ. ಕಂಬಕ್ಕೆ ಒರಗ್ಕಂಡು ಕೂತೇ ಇರ್ತಾರೆ. ಬೆಳಕಾಗಿ ಜನ ಓಡಾಡಾಕೆ ಶುರುವಾದ್ಮೇಲೆ ಕಣ್ಮುಚ್ತಾರೆ. ನೋಡ್ದೋರು ಸೋಮಾರಿ ಮುಂಡೇವು, ಒತ್ತು ನೆತ್ತಿಗೇರಿದ್ರೂ ಬಿದ್ಕಂಡವೆ ಅಂತಾರೆ. ನಾನೂ ಅಂತಿದ್ದೆ. ಒಳಗಡೆ ಚಿಲಕ ಇದ್ರೆ ಅವ್ರು ರಾತ್ರಿ ಮಲಗ್ತಾರೆ.”

ನನಗೆ ಭಯ. ಅದನ್ನು ಮುಚ್ಚಿಟ್ಟು ಏನೂ ಪ್ರಯೋಜನವಿಲ್ಲ. ಅವರು ಕರೆತರುತ್ತೇನೆ ಎಂದವರಲ್ಲಿ ತಾಯಮ್ಮ ಎಂಬ ಹೆಂಗಸು ಇದ್ದಳು. ನಲವತ್ತರ ಮೇಲಿರಬಹುದು. ಹಾಸನದ ಆಸ್ಪತ್ರೆಯಲ್ಲಿ ತಲೆಯ ಕಾಯಿಲೆಗೆ ಔಷಧಿ ತೆಗೆದುಕೊಂಡು, ಗುಣವಾಗಿ, ಮನೆಯವರು ಸೇರಿಸಿಕೊಳ್ಳದೆ ಬಸ್‌ಸ್ಟ್ಯಾಂಡಿಗೆ ಬಂದವಳು. ಗುಣವಾಗಿದೆ ಎಂದು ಡಾಕ್ಟರು ಹೇಳಿದರೆ ನಾನು ನಂಬಬೇಕೇ? ಒಬ್ಬಳೇ ಮಾತಾಡಿಕೊಂಡು ನಗುವುದನ್ನು ನನ್ನ ಕಣ್ಣಾರೆ ನೋಡಿದ್ದೆ. ಇನ್ನೊಬ್ಬ ಮೂಟೆ ಹೊರುವಾಗ ಸೊಂಟ ಮುರಿದುಕೊಂಡ ಹಮಾಲಿ. ಇನ್ನೊಬ್ಬ ಹೋಟೆಲಿನ ಅಡುಗೆಯವನು, ಕುಡಿತ ಬಿಟ್ಟಿದ್ದೇನೆ ಎನ್ನುತ್ತಿದ್ದ. ನಡುವೆ ಒಂದು ಗೋಡೆ ಅಷ್ಟೆ. ಅದೇ ಹೊತ್ತಿಗೆ ನಮ್ಮ ಮಗಳಿಗೆ ಅರಕಲಗೂಡಿನಿಂದ ಒಂದು ಸಂಬಂಧ ಬಂದಿತ್ತು. ಒಳ್ಳೆಯ ಮನೆತನ, ಹುಡುಗ ಕಾಲೇಜಿನಲ್ಲಿ ಲೆಕ್ಚರರ್. ದೀಪಾವಳಿ ಕಳೆದು ಮನೆ ನೋಡಲು ಬರುವವರಿದ್ದರು. ಬಂದವರು ಪಕ್ಕದ ಮನೆ ಯಾವುದು ಎಂದು ಕೇಳಿದರೆ ಏನು ಹೇಳಲಿ ಎಂದು ಯೋಚಿಸಿ ಯೋಚಿಸಿ ನನಗೆ ಊಟ ಸೇರುತ್ತಿರಲಿಲ್ಲ.

“ಯೋಚನೆ ಮಾಡ್ತೀವಿ” ಎಂದು ಕಳಿಸಿದೆ. ಉಳಿದ ಎಂಟು ಮನೆಯವರೂ ಹಾಗೇ ಹೇಳಿ ಕಳಿಸಿದ್ದರಂತೆ. ಬೇಡ ಎನ್ನಲು ಯಾರಿಗೂ ಬಾಯಿಲ್ಲ, ಆಗಲಿ ಎನ್ನಲು ಯಾರಿಗೂ ಮನಸ್ಸಿಲ್ಲ.

ಆದರೂ ದಿನ ಬಿಟ್ಟು ದಿನ ಬರುತ್ತಿದ್ದರು. ಒಂದು ಸಾಯಂಕಾಲ ನಾನು ಹುರುಳಿಕಾಯಿ ನಾರು ತೆಗೆಯುತ್ತಾ ಕುಳಿತಿದ್ದೆ. ಅವರೂ ಒಂದು ಹಿಡಿ ಎಳೆದುಕೊಂಡು ನಾರು ತೆಗೆಯಲು ಶುರುಮಾಡಿದರು. ಆ ಮನುಷ್ಯ ಸುಮ್ಮನಿದ್ದರೆ ನನಗೆ ಕೈಕಾಲು ಆಡುತ್ತಿರಲಿಲ್ಲ. “ಅಲ್ಲ ಸಾರ್, ನಿಮಗ್ಯಾಕೆ ಈ ಉಸಾಬರಿ?” ಎಂದೆ.

ಆಗ ಹೇಳಿದರು. ಫಸ್ಟ್ ಬಸ್ಸು ಬರುವ ಮುಂಚೆ ಬೆಂಚುಗಳನ್ನು ಖಾಲಿ ಮಾಡಿಸುವುದು ಅವರ ಡ್ಯೂಟಿಯಲ್ಲಿ ಸೇರಿತ್ತು. ಕೆಲವರು ಕೋಲಿನಿಂದ ಬೆಂಚು ಕುಟ್ಟುತ್ತಿದ್ದರು, ಕೆಲವರು ನೀರು ಎರಚುತ್ತಿದ್ದರು. ಇವರಿಗೆ ಅದೆರಡೂ ಆಗದು. ಅದಕ್ಕೆ ಮೆಲ್ಲಗೆ ಭುಜ ಮುಟ್ಟಿ, “ಏಳಿ, ನಿಮ್ ಬಸ್ ಬಂತು” ಎನ್ನುತ್ತಿದ್ದರು. ಎಲ್ಲಿಗೂ ಹೋಗುವವರಲ್ಲದ ಜನ ಗಡಬಡಿಸಿ ಎದ್ದು ಗಂಟು ಎತ್ತಿಕೊಳ್ಳುತ್ತಿದ್ದರು. ಎದ್ದಮೇಲೆ ಬಸ್ಸಿಲ್ಲ ಎಂದು ಗೊತ್ತಾಗುತ್ತಿತ್ತು. ಆದರೆ ಬೆಂಚು ಖಾಲಿ.

“ಒಂದಿನ ಒಬ್ಬ ಹೆಂಗ್ಸು ಎದ್ದೋಳು, ಯಾವೂರ್ ಬಸ್ಸು ಅಂತ ಕೇಳುದ್ಲು. ಎದುರಿಗೆ ಹೊಳೆನರಸೀಪುರದ್ದು ನಿಂತಿತ್ತು. ಹೊಳೆನರಸೀಪುರ ಅಂದ್ಬುಟ್ಟೆ. ಹತ್ತಿ ಕೂತ್ಕಂಡ್ಲು. ನಾನೂ ಸುಮ್ನಾದೆ, ಒಂದು ಬೆಂಚು ಕಮ್ಮಿ ಆಯ್ತಲ್ಲ ಅಂತ.” ಹುರುಳಿಕಾಯಿ ಕೈಯಲ್ಲೇ ಇತ್ತು. “ಮಾರನೇ ದಿನ ಬರ್ಲಿಲ್ಲ. ಅದರ ಮಾರನೇ ದಿನಾನೂ ಬರ್ಲಿಲ್ಲ. ರಜಾ ಹಾಕಿ ಹೊಳೆನರಸೀಪುರಕ್ಕೋದೆ. ಅರಕಲಗೂಡಿಗೋದೆ, ಹಾಸನದ ಆಸ್ಪತ್ರೆಲಿ ಕೇಳ್ದೆ. ಕಂಡಕ್ಟರು, ಸ್ಟ್ಯಾಂಡಲ್ಲಿ ಇಳುದ್ಲು ಸಾ, ಆಮೇಲೆ ನೋಡ್ಲಿಲ್ಲ ಅಂದ. ಅವಳ ಹೆಸ್ರು ನಂಗೊತ್ತಿಲ್ಲ ಕಣಮ್ಮ. ಹೆಸ್ರೇ ಗೊತ್ತಿಲ್ದೋಳ್ನ ಏನಂತ ಕೇಳಾದು?”

ಎಡಗೈ ಕಿವಿಗೆ ಒತ್ತಿಕೊಂಡಿದ್ದರು, ಮಾತು ಮುಗಿದಿದ್ದರೂ. ಆದರೂ ಆಗಲಿ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಕಾಫಿ ಕೊಟ್ಟು ಕಳಿಸಿದೆ.

ದೀಪಾವಳಿಗೆ ಇನ್ನು ಎಂಟು ದಿನ ಇದೆ ಎನ್ನುವಾಗ ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಕುಂಕುಮದ ಭರಣಿ, ಅಕ್ಷತೆಯ ಬಟ್ಟಲು ಇಟ್ಟ ತಟ್ಟೆ ಹಿಡಿದು ಬಂದರು. ತಮ್ಮ ಪಕ್ಕದ ಮನೆಯ ಹೆಂಗಸೊಬ್ಬರನ್ನು ಕುಂಕುಮ ಕೊಡಲೆಂದು ಜೊತೆಗೆ ಕರೆತಂದಿದ್ದರು. ಅರಿಸಿನ ಹಚ್ಚಿದ ಕಾರ್ಡು. ಗೃಹಪ್ರವೇಶದ ಕಾರ್ಡು. ಮೇಲೆ ತಾಯಮ್ಮ, ಹಮಾಲಿ, ಅಡುಗೆಯವನು ಎಲ್ಲರ ಹೆಸರು, ಮನೆಯ ಯಜಮಾನರ ಹೆಸರು ಹಾಕುವ ಜಾಗದಲ್ಲಿ. ನಾನು ಎಂದಿನಂತೆ ಕೆಳಗೆ ನೋಡಿದೆ. ‘ಸುಖಾಗಮನ ಬಯಸುವವರು’ ಎಂದು ನಮ್ಮ ಬೀದಿಯ ಒಂಬತ್ತು ಮನೆಯವರ ಹೆಸರೂ ಇತ್ತು. ಎರಡನೇ ಸಾಲಿನಲ್ಲಿ ನಮ್ಮವರ ಹೆಸರು, ಪಕ್ಕದಲ್ಲಿ ನನ್ನ ಹೆಸರು.

“ಇದೇನು ಸಾರ್, ಕೇಳದೆ ಹೆಂಗೆ ಹಾಕಿದ್ರಿ?”

“ಕೇಳುದ್ರೆ ಯೋಚ್ನೆ ಮಾಡ್ತೀವಿ ಅಂತಿದ್ರಿ. ಹೆಸ್ರು ಅಚ್ಚಾದ್ಮೇಲೆ ಯಾರೂ ಬ್ಯಾಡ ಅನ್ನಲ್ಲ ಕಣಮ್ಮ. ಬಾಗ್ಲಲ್ಲಿ ನಿಂತ್ಕಂಡು ಬನ್ನಿ ಬನ್ನಿ ಅಂತಾರೆ. ನಮ್ ಜನ ಅಂಗೇ.” ಮುಖದಲ್ಲಿ ಕಳ್ಳ ನಗು ಇತ್ತು. ಆಮೇಲೆ, ನನಗೆ ಸಂತೋಷವಾಗಲಿ ಎಂದೇ, “ನಿಮ್ ನೆಂಟ್ರಾಗೋರು, ಅವ್ರನ್ನ ಬಿಟ್ರೆ ಚೆನ್ನಾಗಿರಲ್ಲ ಅಂತ ಅರಕಲಗೂಡಿಗೂ ಒಂದು ಕಾರ್ಡು ಕಂಡಕ್ಟರ್ ಕೈಲಿ ಕಳ್ಸಿದೀನಿ” ಎಂದರು.

ಮರ್ಯಾದೆಗೆ ಮಾಡಿದ್ದೇ, ಅದರಲ್ಲಿ ಸಂಶಯವಿಲ್ಲ. ಇಂಥ ಮರ್ಯಾದೆಯೇ ನಮ್ಮ ಕಡೆಯವರನ್ನು ಹಾಳು ಮಾಡುವುದು. ನಮ್ಮವರು ಒಳಗಿನಿಂದ ಬಂದು, “ಹೋಗಲಿ ಬಿಡೇ, ಒಳ್ಳೆ ಕೆಲಸ ತಾನೆ” ಎಂದರು. ಅವರಿಗೆ ಯಾವುದಕ್ಕೂ ಹೋಗಲಿ ಬಿಡೇ.

ಆ ಹೊತ್ತೇ ಅರಕಲಗೂಡಿಗೆ ಫೋನ್ ಮಾಡಿದೆ. ಹುಡುಗನ ತಾಯಿ ಎತ್ತಿದರು. ಆ ಕಾರ್ಡಿಗೂ ನಮಗೂ ಏನೂ ಸಂಬಂಧ ಇಲ್ಲ, ಯಾರೋ ತಪ್ಪಾಗಿ ಹೆಸರು ಹಾಕಿದ್ದಾರೆ, ನಾವು ಅಂಥವರ ಜೊತೆ ಸೇರುವವರಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಆ ಕಡೆಯಿಂದ “ಓ, ಹೌದಾ” ಎಂದಷ್ಟೇ ಬಂತು. ಮಾರನೇ ದಿನ ಪ್ರೆಸ್ಸಿಗೆ ಹೋದೆ. ಹಂಚದೆ ಉಳಿದ ಕಾರ್ಡಿನ ಕಟ್ಟು ಅಲ್ಲೇ ಇತ್ತು. ಬಿಳಿ ಕಾಗದವನ್ನು ಸಣ್ಣ ಪಟ್ಟಿಯಾಗಿ ಕತ್ತರಿಸಿ, ಗೋಂದು ಹಚ್ಚಿ, ಎರಡನೇ ಸಾಲಿನ ಮೇಲೆ ಅಂಟಿಸಿದೆ. ಒಂದೊಂದಾಗಿ, ನನ್ನ ಕೈಯಾರೆ. ಪ್ರೆಸ್ಸಿನವನು “ಕಂಟ್ರೋಲರ್ ಸಾರ್‌ಗೆ ಹೇಳಿದೀರಾ ಮೇಡಂ?” ಎಂದ. ನಾನೇ ಹೇಳುತ್ತೇನೆ ಎಂದೆ. ಹೇಳಲಿಲ್ಲ.

ಅವರಿಗೆ ಗೊತ್ತಾಗದೆ ಇರುತ್ತದೆಯೇ? ಪಟ್ಟಿ ಅಂಟಿಸಿದ ಕಾರ್ಡೇ ಕಟ್ಟಡದ ಯಜಮಾನರ ಕೈಗೂ ಹೋಗಿತ್ತು. ಅವರು ಅದನ್ನು ಬೆಳಕಿಗೆ ಹಿಡಿದು ಅಡಿಯಲ್ಲಿದ್ದ ಹೆಸರು ಓದಿದರಂತೆ. ಸಂಜೆ ಕಂಟ್ರೋಲರನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು.

“ಇನ್ನೆಂಟು ಮನೆಯವರು ಏನೂ ಮಾತಾಡಿಲ್ಲ. ನೀವು ಮಾತ್ರ ಹೆಸರು ಮುಚ್ಚಿದ್ದೀರಿ. ನಿಮಗೆ ಬೇಡ ಅಂದ್ರೆ ಈಗಲೇ ಹೇಳಿಬಿಡಿ ಅಮ್ಮ, ಸುಣ್ಣ ಬಣ್ಣಕ್ಕೆ ಅಂತ ಕೊಟ್ಟಿರೋ ಕೀ ವಾಪಸ್ ತಗೋತೀನಿ. ಬೀದಿಯವರ ಮನಸ್ಸು ನೋಯಿಸಿ ನನಗೆ ಪುಣ್ಯ ಬೇಡ” ಎಂದರು ಯಜಮಾನರು.

ಕಂಟ್ರೋಲರು ಗೇಟಿನ ಹತ್ತಿರವೇ ನಿಂತಿದ್ದರು. ಕೀ ಅವರ ಕೈಯಲ್ಲಿತ್ತು, ಸಣ್ಣಗೆ ಶಬ್ದ ಮಾಡುತ್ತಿತ್ತು. ಹತ್ತು ಜನರ ಮನೆ ನನ್ನ ನಾಲಗೆಯ ಮೇಲೆ ಇತ್ತು ಎಂದು ನನಗೆ ಗೊತ್ತಿತ್ತು. ಬೇಡ ಎನ್ನಲು ಧೈರ್ಯ ಸಾಲಲಿಲ್ಲ. ಆಗಲಿ ಎನ್ನಲೂ ಧೈರ್ಯ ಸಾಲಲಿಲ್ಲ.

“ನಮ್ಮದೇನೂ ಅಡ್ಡಿ ಇಲ್ಲ. ಹೆಸರು ಬೇಡ, ಅಷ್ಟೆ” ಎಂದೆ.

ಯಜಮಾನರು ಅಡ್ಡಿ ಇಲ್ಲ ಅಂದಮೇಲೆ ಸರಿ ಎಂದು ಹೊರಟರು. ಕಂಟ್ರೋಲರು ಹಿಂದೆ ಉಳಿದು, “ತಪ್ಪಾಯ್ತು ಕಣಮ್ಮ. ಕೇಳ್ಬೇಕಾಗಿತ್ತು. ಇನ್ಮೇಲೆ ಕೇಳ್ದೆ ನಿಮ್ ಹೆಸ್ರು ಹಾಕಲ್ಲ” ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳೇ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗೃಹಪ್ರವೇಶದ ದಿನ ಅವರು ಹೇಳಿದ ಹಾಗೇ ಆಯಿತು. ಯೋಚನೆ ಮಾಡುತ್ತೇವೆ ಎಂದಿದ್ದ ಜನವೆಲ್ಲ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತರು. ಹೆಸರು ಅಚ್ಚಾಗಿ ಊರೆಲ್ಲ ಹಂಚಿದ ಮೇಲೆ ಬಂದವರನ್ನು ಎದುರುಗೊಳ್ಳದೆ ಇರಲು ಆಗುತ್ತದೆಯೇ? ನಮ್ಮವರೂ ಹೋದರು, ಪನ್ನೀರುದಾನಿ ಹಿಡಿದುಕೊಂಡು. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಅಂಗಳದಲ್ಲಿ ತಾಯಮ್ಮ ಹಾಲು ಉಕ್ಕಿಸುತ್ತಿದ್ದಳು. ಹಾಲು ಚೆಲ್ಲಿದಾಗ ಹೆದರಿ ಹಿಂದೆ ಸರಿದಳು, ಯಾರೋ ಬೈಯುತ್ತಾರೆ ಎಂದು. ಕಂಟ್ರೋಲರು “ಚೆಲ್ಲಬೇಕು ಕಣವ್ವ, ಚೆಲ್ಲಲಿ” ಎಂದು ಕೂಗಿದ್ದು ನಮ್ಮ ಮನೆಯವರೆಗೂ ಕೇಳಿತು. ನನ್ನನ್ನು ಯಾರೂ ಕರೆಯಲಿಲ್ಲ. ಕರೆಯುವ ಹಾಗೆ ನಾನೇ ಇಟ್ಟುಕೊಂಡಿರಲಿಲ್ಲ.

ಅರಕಲಗೂಡಿನವರು ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸಿದರು. ಆ ಕಾರ್ಡಿನಿಂದಲೋ, ನನ್ನ ಫೋನಿನಿಂದಲೋ, ನಿಜವಾಗಿ ಜಾತಕದಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಗಳಿಗೆ ಹಾಸನದಲ್ಲೇ ಸಂಬಂಧ ಕೂಡಿಬಂತು, ಚೆನ್ನಾಗಿದ್ದಾಳೆ. ನಾನು ಹೆದರಿದ ಯಾವುದೂ ಆಗಲಿಲ್ಲ. ಅಡುಗೆಯವನು ನಡುವೆ ಎರಡು ಸಲ ಕುಡಿದು ಗಲಾಟೆ ಮಾಡಿದ, ಅದೂ ನಿಜ. ಕಂಟ್ರೋಲರು ಅವನನ್ನು ಹೊರಗೆ ಹಾಕಲಿಲ್ಲ. ಬೀದಿಯವರು ಕೇಳಿದ್ದಕ್ಕೆ, “ನಿಮ್ ಮನೇಲಿ ಕುಡುದ್ರೆ ಮನೆ ಬಿಡಿಸ್ತೀರಾ ಸಾ?” ಎಂದರು. ಉತ್ತರ ಹೇಳಬೇಕಾದವರು ಒಬ್ಬಿಬ್ಬರು ಇದ್ದರು, ಅವರೇ ಮೊದಲು ಮನೆಗೆ ಹೊರಟರು.

ದೀಪ ಹಚ್ಚುವ ಹೊತ್ತು ಕಳೆದು ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಚಿಲಕಗಳ ಶಬ್ದ ಕೇಳುತ್ತಿತ್ತು. ಒಂದು, ಆಮೇಲೆ ಇನ್ನೊಂದು. ಮೊದಮೊದಲು ನನಗೆ ಅದು ಕೇಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಅದು ಕೇಳದಿದ್ದರೆ ಎದೆ ಹೊಡೆದುಕೊಳ್ಳತೊಡಗಿತು. ನಮ್ಮ ಕರಿಬೇವಿನ ಗಿಡದಿಂದ ಗೋಡೆಯ ಮೇಲೆ ಒಂದು ಹಿಡಿ ಸೊಪ್ಪು ಇಡುತ್ತಿದ್ದೆ, ತಾಯಮ್ಮ ತೆಗೆದುಕೊಳ್ಳುತ್ತಿದ್ದಳು. ಒಂದೊಂದು ದಿನ ಹುಳಿ. ಗೋಡೆಯ ಮೇಲಿಂದಲೇ ಎಲ್ಲ. ಆ ಮನೆಯ ಮುಂಬಾಗಿಲಿಗೆ ಏಳು ವರ್ಷ ನಾನು ಹೋಗಲಿಲ್ಲ. ಹೋದರೆ ಯಾರಾದರೂ ಆ ಕಾಗದದ ಪಟ್ಟಿಯ ಮಾತೆತ್ತಿದರೆ ಎಂಬ ಅಂಜಿಕೆ. ಪ್ರತಿ ಕಾರ್ತೀಕದಲ್ಲಿ ಆ ಮನೆಯ ವರ್ಷದ ಊಟಕ್ಕೆ ಕಾರ್ಡು ಬರುತ್ತಿತ್ತು. ಕೆಳಗಿನಿಂದಲೇ ಓದುತ್ತಿದ್ದೆ. ಎಂಟು ಮನೆಯ ಹೆಸರು, ಮೊದಲನೆಯದಕ್ಕೂ ಆಮೇಲಿನದಕ್ಕೂ ನಡುವೆ ಒಂದು ಬೆರಳಿನಷ್ಟು ಜಾಗ ಖಾಲಿ. ಈ ಪ್ರೆಸ್ಸಿನವನಿಗೆ ಅಕ್ಷರ ಜೋಡಿಸಲು ಬರುವುದಿಲ್ಲ ಎಂದುಕೊಳ್ಳುತ್ತಿದ್ದೆ.

ಈ ವರ್ಷ ಕಂಟ್ರೋಲರಿಗೆ ಲಕ್ವ ಹೊಡೆಯಿತು. ಮೊದಲು ಹೋದದ್ದು ಮಾತು. ಹಾಸನದ ಆಸ್ಪತ್ರೆಯಲ್ಲಿ ತಾಯಮ್ಮನೇ ಪಕ್ಕದಲ್ಲಿ ಇದ್ದಳು. ನಾನು ಇವತ್ತು ಹೋಗೋಣ, ನಾಳೆ ಹೋಗೋಣ ಎಂದುಕೊಂಡೆ. ಮಾತಿಲ್ಲದೆ ಮಲಗಿರುವ ಆ ಮನುಷ್ಯನ ಎದುರು ಹೇಗೆ ನಿಲ್ಲುವುದು ಎಂದು ಭಯ. ಆ ನಾಳೆ ಬರುವುದರೊಳಗೆ ಅವರನ್ನು ತಂದು ಆ ಅಂಗಳದಲ್ಲಿ ಮಲಗಿಸಿದ್ದರು. ಗೇಟಿನ ಹೊರಗೆ ಜನದ ಹಿಂದೆ ನಿಂತು ನೋಡಿ ಬಂದೆ.

ಇನ್ನು ಆ ತಿಥಿ ಕಾರ್ಡು. ‘ದುಃಖತಪ್ತರು’ ಎಂದು ಕೆಳಗೆ ಮನೆಯ ಹತ್ತು ಜನರ ಹೆಸರು, ಆಮೇಲೆ ಬೀದಿಯವರ ಹೆಸರು. ಎಂಟು ಮನೆಯವು. ನಮ್ಮದು ಇರಲಿಲ್ಲ. ಈ ಸಲವಾದರೂ ಕೇಳದೆ ಹಾಕಬಾರದಿತ್ತೇ ಎಂದು ಅಳು ಬಂತು, ಕೋಪವೂ ಬಂತು. ಹಾಲಿನ ಪಾತ್ರೆ ಇಳಿಸಿ, ಕಾರ್ಡು ಹಿಡಿದುಕೊಂಡು, ಸೆರಗಿನಲ್ಲಿ ಮುಖ ಒರೆಸಿಕೊಂಡು ಆ ಮನೆಯ ಮುಂಬಾಗಿಲಿಗೆ ಹೋದೆ. ತಾಯಮ್ಮ ಅಂಗಳ ಸಾರಿಸುತ್ತಿದ್ದಳು. ಸಗಣಿಯ ಕೈಯಲ್ಲೇ ಎದ್ದು ಬಂದಳು.

“ನಮ್ಮ ಹೆಸರು ಯಾಕೆ ಹಾಕಲಿಲ್ಲ ತಾಯಮ್ಮ?”

“ಕೇಳ್ದೆ ಆಕ್ಬಾರ್ದು ಅಂತ ಅವ್ರು ಕಟ್ಟಾಣೆ ಮಾಡಿದ್ರು ಕಣಕ್ಕ.”

“ಕೇಳಬಹುದಿತ್ತಲ್ಲ.”

“ಕೇಳುದ್ರೆ ನಿಮ್ಗೆ ಇಲ್ಲ ಅನ್ನಾಕೆ ಕಷ್ಟ ಆಯ್ತದೆ, ಕೇಳ್ಬ್ಯಾಡಿ, ಜಾಗ ಬುಡಿ ಅಂತಿದ್ರು. ಪ್ರತಿ ಸಲಾನೂ ಪ್ರೆಸ್ಸಿಗೆ ನಾನೇ ಓಗ್ತಿದ್ದೆ. ಎಲ್ಡನೇ ಸಾಲು ಖಾಲಿ ಬುಟ್ಟೇ ಅಚ್ಚಾಕಿಸ್ಕಂಬಾ ಅನ್ನೋರು. ಈ ಸಲ ಅವ್ರಿಲ್ಲ, ಆದ್ರೂ ಅಂಗೇ ಬುಡ್ಸಿದೀನಿ.” ಮೊಣಕೈಯಿಂದ ಮೂಗು ಒರೆಸಿಕೊಂಡು, ಸಗಣಿ ತಾಗದ ಕಿರುಬೆರಳಿನಲ್ಲಿ ನನ್ನ ಕೈಯಲ್ಲಿದ್ದ ಕಾರ್ಡು ತೋರಿಸಿದಳು. “ಇಲ್ನೋಡಿ.”

ನೋಡಿದೆ. ಮೊದಲ ಮನೆಯ ಹೆಸರಾದ ಮೇಲೆ ಅದೇ ಒಂದು ಬೆರಳಿನ ಜಾಗ. ಏಳು ವರ್ಷ, ಏಳು ಕಾರ್ಡು. ಕೆಳಗಿನಿಂದ ಓದುವವಳು ನಾನು.

ಆ ಖಾಲಿ ಜಾಗದ ಮೇಲೆ ಬೆರಳಿಟ್ಟು ನೋಡಿದೆ. ಆಮೇಲೆ, “ಹಂಚದೆ ಉಳಿದ ಕಾರ್ಡು ಇವೆಯಾ?” ಎಂದು ಕೇಳಿದೆ.

“ಅವೆ ಕಣಕ್ಕ, ಒಂದ್ ಕಟ್ಟು.”

“ತಗೊಂಡು ಬಾ. ಒಂದು ಪೆನ್ನೂ ತಾ.”

ತಾಯಮ್ಮ ಕೈ ತೊಳೆದುಕೊಂಡು ಒಳಗೆ ಹೋದಳು. ಕೋಣೆಯ ಬಾಗಿಲು ತೆಗೆದ ಶಬ್ದ ಕೇಳಿತು, ಪೆನ್ನು ಹುಡುಕಲು ಏನೇನೋ ಎತ್ತಿಡುವ ಶಬ್ದವೂ ಕೇಳಿತು. ಅಷ್ಟರಲ್ಲಿ ತಿಥಿಯ ಊಟಕ್ಕೆ ಸೌದೆ ತಂದ ಗಾಡಿಯವನು ಗೇಟಿನ ಹತ್ತಿರ ನಿಂತು, ಒಳಗೆ ಬರಬಹುದಾ ಎಂದು ಕೇಳಿದ. ಬಾಗಿಲಲ್ಲಿ ನಾನೊಬ್ಬಳೇ ಇದ್ದೆ.

“ಬನ್ನಿ, ಬನ್ನಿ” ಎಂದೆ.